ಭಾರ ಯಾರ ಮೇಲೆ?



ಬಾವಿಯ ತಳದಲ್ಲಿ ಪಂಪು ಕೆಟ್ಟು ಕೂತಿದೆ. ಅಥವಾ ಹೊಸ ಮನೆಯ ಬಾಗಿಲಿನ ಮೇಲೆ ಕಲ್ಲಿನ ತೊಲೆ ಕೂರಿಸಬೇಕಿದೆ. ಕ್ರೇನ್ ಕರೆಸೋಣವೆಂದರೆ ಅದು ಬರುವಷ್ಟು ದಾರಿಯಿಲ್ಲ. ದಾರಿಯಿದ್ದರೂ ಒಂದು ಗಂಟೆಯ ಕೆಲಸಕ್ಕೆ ಒಂದು ದಿನದ ಬಾಡಿಗೆ. ಆಗ ನೆನಪಾಗುವುದು ಹಗ್ಗ ಮತ್ತು ರಾಟೆ. ರಾಟೆ ಎನ್ನಿ, ಗಡಗಡೆ ಎನ್ನಿ, ವಸ್ತು ಅದೇ.

ಇವತ್ತು ನಾನೂ ನೀವೂ ಸೇರಿ ಅಂಥದೊಂದು ಎತ್ತುವ ಸಾಧನ ಕಟ್ಟೋಣ. ಮೂರು ಕಂಬ, ಎರಡು ಜೋಡಿ ರಾಟೆ, ಒಂದಿಷ್ಟು ಹಗ್ಗ. ಕಾಗದ, ಪೆನ್ಸಿಲು ಬೇಡ. ಮನಸ್ಸಿನಲ್ಲೇ ಕಟ್ಟಿದರೆ ಸಾಕು. ಕಟ್ಟುತ್ತಾ ಹೋದಂತೆ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ. ಪ್ರಶ್ನೆ ಇದು: ಈಗ ಭಾರ ಯಾರ ಮೇಲೆ?

ಸಾಮಾನ್ಯವಾಗಿ ನಾವು ಕೇಳುವುದು ಬೇರೆ. ಈ ಹಗ್ಗ ಎಷ್ಟು ತಡೆಯುತ್ತದೆ? ಈ ರಾಟೆ ಎಷ್ಟು ಎತ್ತುತ್ತದೆ? ಕಣ್ಣೆಲ್ಲ ಕೈಯ ಹತ್ತಿರದ ಹಗ್ಗದ ಮೇಲೆ. ತಲೆಯ ಮೇಲೆ ರಾಟೆ ತೂಗಿದೆಯಲ್ಲ, ಆ ಜಾಗವನ್ನು ನೋಡುವವರು ಕಡಿಮೆ.

ಮೊದಲು ನಮ್ಮ ಭಾರ ಯಾವುದು ಎಂದು ಗೊತ್ತು ಮಾಡಿಕೊಳ್ಳೋಣ. ಬಾಗಿಲಿನ ಮೇಲೆ ಕೂರಿಸುವ ಒಂದು ಗ್ರಾನೈಟ್ ಕಲ್ಲು. 4 ಅಡಿ ಉದ್ದ, 8 ಅಂಗುಲ ಅಗಲ, 6 ಅಂಗುಲ ದಪ್ಪ. ಗ್ರಾನೈಟ್ ಕಲ್ಲು ಒಂದು ಘನ ಅಡಿಗೆ ಸುಮಾರು 75 ಕಿಲೋ ತೂಗುತ್ತದೆ. ಆ ಲೆಕ್ಕದಲ್ಲಿ ನಮ್ಮ ಕಲ್ಲು 100 ಕಿಲೋ. ಒಂದು ಕ್ವಿಂಟಲ್. ಭತ್ತದ ಮೂಟೆಯಾದರೆ ಹೆಗಲಿಗೆ ಒಗ್ಗಿಕೊಳ್ಳುತ್ತದೆ. ಕಲ್ಲು ಒಗ್ಗುವುದಿಲ್ಲ. ಅದನ್ನು 7 ಅಡಿ ಎತ್ತರಕ್ಕೆ ಏರಿಸಬೇಕು. ಇವತ್ತಿನ ಮಾತೆಲ್ಲ ಈ ಒಂದು ಕಲ್ಲಿನ ಸುತ್ತಲೇ.

ಮೊದಲಿಗೆ ಒಂದೇ ಒಂದು ರಾಟೆ ತೂಗುಹಾಕೋಣ. ಸೇದುವ ಬಾವಿಯ ಮೇಲಿರುತ್ತದಲ್ಲ, ಅದೇ ರೀತಿ. ಹಗ್ಗದ ಒಂದು ತುದಿ ಕಲ್ಲಿಗೆ. ಹಗ್ಗ ಮೇಲೇರಿ, ಗಾಲಿಯನ್ನು ಬಳಸಿ, ಕೆಳಗೆ ನಿಮ್ಮ ಕೈಗೆ ಬರುತ್ತದೆ. ಈಗ ಎಷ್ಟು ಬಲ ಹಾಕಿ ಎಳೆಯಬೇಕು? ಅರ್ಧ ಸಾಕು ಎನ್ನುವವರಿದ್ದಾರೆ. ಇಲ್ಲ. ಪೂರ್ತಿ 100 ಕಿಲೋ ಎಳೆಯಬೇಕು. ಗಾಲಿಯ ಘರ್ಷಣೆಗೆ ಇನ್ನೊಂದು 10 ಕಿಲೋ ಮೇಲೆ. ಒಂಟಿ ರಾಟೆ ಬಲ ಉಳಿಸುವುದಿಲ್ಲ, ದಿಕ್ಕು ಬದಲಿಸುತ್ತದೆ. ಮೇಲಕ್ಕೆ ಎತ್ತುವ ಬದಲು ಕೆಳಕ್ಕೆ ಎಳೆಯುತ್ತೀರಿ. ಮೈಭಾರ ಬಿಟ್ಟು ಎಳೆಯಬಹುದು, ಅದೇ ಅನುಕೂಲ. ಆದರೆ 60 ಕಿಲೋ ತೂಗುವ ಒಬ್ಬನೇ ಮನುಷ್ಯ ಹೀಗೆ 100 ಕಿಲೋ ಕಲ್ಲನ್ನು ಎಳೆಯಲು ಹೋದರೆ ಕಲ್ಲು ನೆಲ ಬಿಡುವುದಿಲ್ಲ. ಹಗ್ಗ ಹಿಡಿದ ಅವನ ಕಾಲೇ ನೆಲ ಬಿಡುತ್ತದೆ.

ಈಗ ನಮ್ಮ ಪ್ರಶ್ನೆ. ಭಾರ ಯಾರ ಮೇಲೆ?

ಒಂದು ಕಡೆ ಕಲ್ಲು 100 ಕಿಲೋ ಬಲದಿಂದ ಜಗ್ಗುತ್ತಿದೆ. ಇನ್ನೊಂದು ಕಡೆ ನೀವು 110 ಕಿಲೋ ಬಲದಿಂದ ಜಗ್ಗುತ್ತಿದ್ದೀರಿ. ಎರಡೂ ಕೆಳಮುಖವೇ. ಇವೆರಡನ್ನೂ ಮೇಲೆ ನಿಂತು ಹೊರುತ್ತಿರುವುದು ರಾಟೆಯ ಕೊಕ್ಕೆ. ಅದರ ಪಾಲಿಗೆ ಈಗ 210 ಕಿಲೋ. ಎತ್ತುತ್ತಿರುವುದು ಒಂದು ಕ್ವಿಂಟಲ್, ಕೊಕ್ಕೆ ಹೊರುತ್ತಿರುವುದು ಎರಡಕ್ಕೂ ಹೆಚ್ಚು. ಒಂದು ಕ್ವಿಂಟಲ್ ತಾನೇ ಎಂದು ಮಾಡಿನ ಹಳೆಯ ಜಂತಿಗೆ ರಾಟೆ ಕಟ್ಟಿ ಎಳೆದಾಗ ಜಂತಿ ಮುರಿಯುವುದು ಇದಕ್ಕೇ. ಆ ಕಲ್ಲನ್ನು ಸುಮ್ಮನೆ ಹಗ್ಗದಲ್ಲಿ ನೇತುಹಾಕಿದ್ದರೆ ಅದೇ ಜಂತಿ ತಡೆದುಕೊಳ್ಳುತ್ತಿತ್ತೋ ಏನೋ.

ನಮ್ಮ ಹಿಂದಿನವರಿಗೆ ಈ ಲೆಕ್ಕ ತಿಳಿದಿತ್ತು. ಕಪಿಲೆ ಬಾವಿಯನ್ನು ನೆನಪಿಸಿಕೊಳ್ಳಿ. ನೋಡಿಲ್ಲದ ಎಳೆಯರಿಗಾಗಿ ಹೇಳುತ್ತೇನೆ. ಬಾವಿಯ ಬಾಯಿಗೆ ಚಾಚಿಕೊಂಡಂತೆ ಎರಡು ಕಂಬ. ನಡುವೆ ಮರದ ದೊಡ್ಡ ಗಾಲಿ. ಗಾಲಿಯ ಮೇಲೆ ದಪ್ಪ ಮಿಣಿ. ಅದರ ಒಂದು ತುದಿಗೆ ಬಾವಿಯೊಳಗೆ ಚರ್ಮದ ದೊಡ್ಡ ಚೀಲ, ಇನ್ನೊಂದು ತುದಿಗೆ ಜೋಡಿ ಎತ್ತು. ಬಾವಿಯಿಂದ ಆಚೆಗೆ ಇಳಿಜಾರಿನ ಓಣಿ ಇರುತ್ತಿತ್ತು. ಎತ್ತುಗಳು ಅದರಲ್ಲಿ ಇಳಿಯುತ್ತಾ ಹೋದಂತೆ ನೀರು ತುಂಬಿದ ಚೀಲ ಮೇಲೇರುತ್ತಿತ್ತು. ಹೊಡೆಯುವವನು ಕೆಲವೊಮ್ಮೆ ಬಿಗಿದ ಮಿಣಿಯ ಮೇಲೇ ಕುಳಿತು ತನ್ನ ಮೈಭಾರವನ್ನೂ ಎತ್ತುಗಳ ಭಾರಕ್ಕೆ ಸೇರಿಸುತ್ತಿದ್ದ. ಇಲ್ಲಿಯೂ ಒಂಟಿ ರಾಟೆಯೇ. ಬಲದ ಉಳಿತಾಯವಿಲ್ಲ. ಉಳಿತಾಯಕ್ಕಾಗಿ ಇಳಿಜಾರು ಮಾಡಿಕೊಂಡಿದ್ದರು.

ಕಂಬಗಳ ವಿಷಯಕ್ಕೆ ಬನ್ನಿ. ಅನೇಕ ಕಡೆ ಅವು ಕಲ್ಲಿನವು. ಹಗ್ಗ ಸವೆದರೆ ಬದಲಿಸಬಹುದು, ಗಾಲಿ ಸೀಳಿದರೆ ಬಡಗಿ ಇನ್ನೊಂದು ಮಾಡಿಕೊಡುತ್ತಾನೆ. ಆದರೆ ಗಾಲಿ ಹೊತ್ತ ಕಂಬಕ್ಕೆ ಭಾರ ಎರಡು ಕಡೆಯಿಂದ ಬೀಳುತ್ತದೆ. ನೀರಿನ ಭಾರ ಕೆಳಕ್ಕೆ, ಎತ್ತಿನ ಎಳೆತ ಅಡ್ಡಕ್ಕೆ. ಎರಡೂ ಸೇರಿ ಕಂಬವನ್ನು ಓರೆಯಾಗಿ ಜಗ್ಗುತ್ತವೆ. ಅಡ್ಡಕ್ಕೆ ಎಳೆಯುವ ಈ ಮಾತು ಮುಂದೆ ಮತ್ತೆ ಬರುತ್ತದೆ. ಮನಸ್ಸಿನಲ್ಲಿ ಇಟ್ಟುಕೊಂಡಿರಿ.

ಇಲ್ಲಿಗೆ ತಿಳಿದದ್ದು ಇಷ್ಟು. ಒಂಟಿ ರಾಟೆ ದಿಕ್ಕನ್ನು ಮಾತ್ರ ಬದಲಿಸುತ್ತದೆ, ಮೇಲಿನ ಕೊಕ್ಕೆಗೆ ಎರಡು ಪಟ್ಟು ಹೊರಿಸುತ್ತದೆ. ಹಾಗಾದರೆ ಬಲ ಉಳಿಸುವುದು ಹೇಗೆ?

ಮದುವೆ ಮನೆಯಲ್ಲಿ ಸಾರಿನ ಕೊಪ್ಪರಿಗೆ ಎತ್ತುವುದನ್ನು ನೋಡಿದ್ದೀರಿ. ಎರಡು ಬದಿಗೆ ಎರಡು ಬಳೆ. ಒಬ್ಬೊಬ್ಬರು ಒಂದೊಂದು ಬಳೆ ಹಿಡಿದರೆ ಭಾರ ಇಬ್ಬರಿಗೂ ಅರ್ಧರ್ಧ. ಹಗ್ಗಕ್ಕೂ ಇದೇ ಉಪಾಯ. ರಾಟೆಯನ್ನು ಮೇಲೆ ಕಟ್ಟುವ ಬದಲು ಕಲ್ಲಿಗೇ ಕಟ್ಟಿ. ಹಗ್ಗದ ಒಂದು ತುದಿಯನ್ನು ಮೇಲಿನ ಕಂಬಕ್ಕೆ ಬಿಗಿಯಿರಿ. ಹಗ್ಗ ಇಳಿದು ಬಂದು, ಕಲ್ಲಿನ ಮೇಲಿನ ಗಾಲಿಯನ್ನು ಅಡಿಯಿಂದ ಬಳಸಿ, ಮತ್ತೆ ಮೇಲೆ ನಿಮ್ಮ ಕೈಗೆ ಬರಲಿ. ಈಗ ಕಲ್ಲು ಎರಡು ಎಳೆಗಳ ಮೇಲೆ ತೂಗುತ್ತಿದೆ. ಒಂದು ಎಳೆಯನ್ನು ಕಂಬ ಹಿಡಿದಿದೆ, ಇನ್ನೊಂದನ್ನು ನೀವು ಹಿಡಿದಿದ್ದೀರಿ. ನಿಮ್ಮ ಪಾಲು 50 ಕಿಲೋ.

ಉಳಿಸಿದ್ದಕ್ಕೆ ಬೆಲೆಯೂ ಉಂಟು. ಕಲ್ಲು 1 ಅಡಿ ಏರಬೇಕಾದರೆ ಎರಡೂ ಎಳೆಗಳು 1 ಅಡಿ ಗಿಡ್ಡವಾಗಬೇಕು. ಆದ್ದರಿಂದ ನೀವು ಎಳೆಯಬೇಕಾದ ಹಗ್ಗ 2 ಅಡಿ. ಬಲದಲ್ಲಿ ಗಿಟ್ಟಿದ್ದನ್ನು ಹಗ್ಗದ ಉದ್ದದಲ್ಲಿ ತೆತ್ತಂತಾಯಿತು.

ಇದನ್ನೇ ಮುಂದುವರಿಸೋಣ. ಮೇಲೆ ಎರಡು ಗಾಲಿಗಳಿರುವ ಒಂದು ಜೋಡಿ ರಾಟೆ. ಕೆಳಗೆ, ಕಲ್ಲಿನ ಮೇಲೆ, ಅಂಥದೇ ಇನ್ನೊಂದು. ಹಗ್ಗದ ತುದಿಯನ್ನು ಮೇಲಿನ ಜೋಡಿಯ ಬುಡಕ್ಕೆ ಕಟ್ಟಿ. ಕೆಳಗಿನ ಒಂದು ಗಾಲಿಗೆ ಇಳಿಸಿ, ಮೇಲಿನ ಒಂದು ಗಾಲಿಗೆ ಏರಿಸಿ. ಮತ್ತೆ ಇಳಿಸಿ, ಮತ್ತೆ ಏರಿಸಿ. ಕೊನೆಯ ತುದಿ ಮೇಲಿನಿಂದ ನಿಮ್ಮ ಕೈಗೆ ಇಳಿಯುತ್ತದೆ. ಈಗ ಕಲ್ಲನ್ನು ಹಿಡಿದಿರುವ ಎಳೆಗಳನ್ನು ಎಣಿಸಿ. ಕೆಳಗಿನ ರಾಟೆಗೆ ಬಂದು ತಾಕಿದವು ಮಾತ್ರ ಲೆಕ್ಕಕ್ಕೆ. ನಾಲ್ಕು. ಪುಸ್ತಕದ ಲೆಕ್ಕದಲ್ಲಿ ನಿಮ್ಮ ಪಾಲು 25 ಕಿಲೋ.

ಕೈಯ ಲೆಕ್ಕ ಬೇರೆ. ಸಾಧಾರಣ ರಾಟೆಯ ಒಂದೊಂದು ಗಾಲಿಯೂ ಹತ್ತರಲ್ಲಿ ಒಂದು ಪಾಲನ್ನು ಘರ್ಷಣೆಗೆ ತಿನ್ನುತ್ತದೆ. ನಾಲ್ಕು ಗಾಲಿ ದಾಟಿ ಬರುವಷ್ಟರಲ್ಲಿ 25 ಹೋಗಿ 32, 33 ಆಗಿರುತ್ತದೆ. ನಾವು 35 ಎಂದೇ ಇಟ್ಟುಕೊಳ್ಳೋಣ. ಇನ್ನೂ ನಾಲ್ಕು ಗಾಲಿ ಸೇರಿಸಿದರೆ ಇನ್ನೂ ಹಗುರವಲ್ಲವೇ ಎಂದು ಕೇಳಬಹುದು. ಹಗುರವೇನೋ ಹೌದು, ಆದರೆ ಸೇರಿಸಿದ ಪ್ರತಿ ಗಾಲಿಯಿಂದ ಸಿಗುವ ಲಾಭ ಕಡಿಮೆಯಾಗುತ್ತಾ ಬರುತ್ತದೆ. ಮನೆಗೆಲಸಕ್ಕೆ ನಾಲ್ಕು ಎಳೆ ಸಾಕು ಎಂಬುದು ನನ್ನ ಅಭಿಪ್ರಾಯ. ಗಾಲಿಯೇ ಇಲ್ಲದೆ ಬರಿಯ ಕಬ್ಬಿಣದ ಬಳೆಗಳಲ್ಲಿ ಹಗ್ಗ ಪೋಣಿಸುವವರೂ ಇದ್ದಾರೆ. ಅದು ದಂಡ. ತಿರುಗದ ಬಳೆಯ ಒಂದೊಂದು ತಿರುವಿಗೂ ಎಳೆತ ಎರಡು ಪಟ್ಟಿನ ಹತ್ತಿರ ಬೇಕಾಗುತ್ತದೆ.

ಸರಿ, ಪ್ರಶ್ನೆ ಮತ್ತೆ ಬಂತು. ನಾಲ್ಕು ಎಳೆ ಇದ್ದಾಗ ಭಾರ ಯಾರ ಮೇಲೆ? ಕಲ್ಲಿನದು 100, ನಿಮ್ಮ ಎಳೆತ 35. ಮೇಲಿನ ಕಟ್ಟಿನ ಮೇಲೆ 135 ಕಿಲೋ. ಒಂಟಿ ರಾಟೆಯಲ್ಲಿ 210 ಇತ್ತು. ಕೈಗೆ ಹಗುರ ಮಾಡಿಕೊಂಡದ್ದರಿಂದ ಮೇಲಿನ ಕಟ್ಟಿಗೂ ಹಗುರವಾಯಿತು. ಆದರೆ ಕೇಳುಗರೇ, 100ಕ್ಕಿಂತ ಕಡಿಮೆ ಅದು ಎಂದಿಗೂ ಆಗುವುದಿಲ್ಲ. ನಿಮ್ಮ ಕೈಗೆ ಮೂರನೇ ಒಂದು ಪಾಲು ಎನಿಸಿದರೂ ಮೇಲೆ ಪೂರ್ತಿ ಕಲ್ಲು ಇದ್ದೇ ಇದೆ.

ಗ್ರೀಕರ ಆರ್ಕಿಮಿಡೀಸನ ಕಥೆ ನಿಮಗೆ ಗೊತ್ತಿರಬಹುದು. ಅವನು ಬದುಕಿದ್ದು ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ, ಸಿರಾಕ್ಯೂಸ್ ನಗರದಲ್ಲಿ. ಜನರನ್ನೂ ಸರಕನ್ನೂ ತುಂಬಿದ ಮೂರು ಪಟಸ್ತಂಭಗಳ ಹಡಗನ್ನು, ದೂರದಲ್ಲಿ ಕುಳಿತು, ರಾಟೆಗಳ ಜೋಡಣೆಯಿಂದ ಒಬ್ಬನೇ ಎಳೆದನಂತೆ. ಅಲ್ಲಿನ ರಾಜ ಹಿಯೆರೋ ಬೆರಗಾದನಂತೆ. ಇದನ್ನು ಹೇಳುವವನು ಪ್ಲುಟಾರ್ಕ್ ಎಂಬ ಗ್ರೀಕ್ ಲೇಖಕ, ಸುಮಾರು ಮುನ್ನೂರು ವರ್ಷಗಳ ನಂತರ. ಎಷ್ಟು ನಿಜವೋ, ಇರಲಿ. ನನಗೆ ಕುತೂಹಲ ಬೇರೆ. ಹಡಗಿಗೆ ಕಟ್ಟಿದ್ದು ರಾಟೆಯ ಒಂದು ತುದಿ. ಇನ್ನೊಂದು ತುದಿಯನ್ನು ಯಾವುದಕ್ಕೆ ಕಟ್ಟಿದ್ದ? ಹಡಗಿನ ಎಳೆತವನ್ನೆಲ್ಲ ತಡೆದು ನಿಂತದ್ದು ಅದು. ಬಂಡೆಯೋ, ಹೂತ ಕಂಬವೋ. ಪ್ಲುಟಾರ್ಕ್ ಆ ಮಾತನ್ನೇ ಎತ್ತುವುದಿಲ್ಲ. ಕಥೆ ಹೇಳುವವರು ಕೈಯನ್ನು ನೋಡುತ್ತಾರೆ.

ಕೆಲಸ ಮಾಡುವವರು ಗೂಟವನ್ನು ನೋಡುತ್ತಾರೆ. ಕೇರಳದ ಬೇಪೂರು ಕಡೆಯ ಮಾಪ್ಪಿಳ ಖಲಾಸಿಗಳು ಅಂಥವರು. ಉರು ಎಂಬ ಮರದ ಹಡಗುಗಳನ್ನು ನೀರಿಗೆ ಇಳಿಸುವುದು ಅವರ ಪರಂಪರೆಯ ಕೆಲಸ. ಹಗ್ಗ, ರಾಟೆ, ಜೊತೆಗೆ ಹತ್ತಾರು ಜನ ಸುತ್ತು ಬಂದು ತಿರುಗಿಸುವ ಮರದ ಉರುಳೆ. 1988ರ ಜುಲೈ 8ರಂದು ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೊರಟಿದ್ದ ಐಲ್ಯಾಂಡ್ ಎಕ್ಸ್‌ಪ್ರೆಸ್, ಕೊಲ್ಲಂ ಹತ್ತಿರದ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಸರೋವರಕ್ಕೆ ಬಿತ್ತು. ನೂರಕ್ಕೂ ಹೆಚ್ಚು ಜನ ಸತ್ತರು. ನೀರಿಗೆ ಬಿದ್ದ ಬೋಗಿಗಳನ್ನು ಎಳೆದು ತೆಗೆಯಲು ಕರೆಸಿದ್ದು ಈ ಖಲಾಸಿಗಳನ್ನು. ಅಂಥ ಕೆಲಸದಲ್ಲಿ ಉರುಳೆ ತಿರುಗಿಸುವುದು ಮೈಬಲದ ಮಾತು. ಉರುಳೆ ತಾನೇ ಕಿತ್ತು ಬಾರದಂತೆ ದಡದಲ್ಲಿ ಹೂಡುವುದು ಬಲ್ಲವರ ಮಾತು.

ನಾಲ್ಕು ಎಳೆಯ ರಾಟೆ ಸಿದ್ಧವಾಯಿತು. ಮೇಲಿನ ಕಟ್ಟಿಗೆ 135 ಕಿಲೋ ಎಂದು ತಿಳಿಯಿತು. ಇನ್ನು ಆ ಕಟ್ಟನ್ನು ಹೊರುವ ಮುಕ್ಕಾಲಿ ನಿಲ್ಲಿಸೋಣ.

ಒಂದೇ ಅಳತೆಯ ಮೂರು ಕಂಬ ಬೇಕು. 15 ಅಡಿ ಉದ್ದ, ತುದಿಯಲ್ಲೂ 3 ಅಂಗುಲ ದಪ್ಪ. ಗಟ್ಟಿ ಬಿದಿರು ಆಗುತ್ತದೆ, ನೀಲಗಿರಿ ಆಗುತ್ತದೆ. ಹುಳು ಬಿದ್ದದ್ದು, ಸೀಳು ಬಿಟ್ಟದ್ದು ಬೇಡ. ಮೂರನ್ನೂ ನೆಲದ ಮೇಲೆ ಒಂದರ ಪಕ್ಕ ಒಂದು ಮಲಗಿಸಿ. ತುದಿಯಿಂದ ಒಂದು ಮೊಳ ಕೆಳಗೆ ಹಗ್ಗ ಹೆಣೆಯಬೇಕು. ಚಾಪೆ ಹೆಣೆದಂತೆ ಮೊದಲನೆಯದರ ಮೇಲೆ, ಎರಡನೆಯದರ ಕೆಳಗೆ, ಮೂರನೆಯದರ ಮೇಲೆ. ಹಿಂದಿರುಗುವಾಗ ತದ್ವಿರುದ್ಧ. ಹೀಗೆ ಏಳೆಂಟು ಸಲ. ಆಮೇಲೆ ಕಂಬ ಕಂಬದ ನಡುವೆ ಆ ಹೆಣಿಗೆಯನ್ನೇ ಅಡ್ಡಲಾಗಿ ಎರಡು ಸುತ್ತು ಬಿಗಿಯಿರಿ. ತೀರ ಬಿಗಿದರೆ ಕಾಲು ಅಗಲಿಸಲು ಬರುವುದಿಲ್ಲ. ಸಡಿಲವಾದರೆ ಕಟ್ಟು ಜಾರುತ್ತದೆ. ಕೈಗೆ ಹದ ಸಿಗಲು ಒಂದೆರಡು ಸಲ ಕಟ್ಟಿ ಬಿಚ್ಚಬೇಕು.

ಈಗ ಎತ್ತಿ ನಿಲ್ಲಿಸಿ. ಕಾಲಿಂದ ಕಾಲಿಗೆ 8ರಿಂದ 9 ಅಡಿ ಅಂತರ. ಮೂರೂ ಕಡೆ ಒಂದೇ ಸಮ. ಗೋಡೆಯ ಮೇಲೆ ಕೂರಿಸುವ ಕಲ್ಲಾದ್ದರಿಂದ ಒಂದು ಕಾಲು ಕೋಣೆಯ ಒಳಗೆ, ಎರಡು ಹೊರಗೆ. ಬಾಗಿಲಿನ ಸಂದು ನಡುಮಧ್ಯದಲ್ಲಿ ಇರಲಿ. ಮೇಲಿನ ಕಟ್ಟಿನ ಎತ್ತರ ಸುಮಾರು 13 ಅಡಿ. ರಾಟೆಗಳು, ಕೊಕ್ಕೆ, ಕಲ್ಲಿನ ಸುತ್ತಿನ ಹಗ್ಗ ಸೇರಿ 4 ಅಡಿ ನುಂಗುತ್ತವೆ. 7 ಅಡಿಯ ಬಾಗಿಲಿಗೆ ಮಿಕ್ಕ ಎತ್ತರ ಸಾಕು. ರಾಟೆಯ ಹಗ್ಗ ಒಟ್ಟು 25 ಮೀಟರಾದರೂ ಇರಲಿ.

ಭಾರ ಯಾರ ಮೇಲೆ? ಮೂರು ಕಾಲುಗಳ ಮೇಲೆ. ಒಂದೊಂದಕ್ಕೆ 45 ಕಿಲೋ. ಅದೇನು ಹೆಚ್ಚಲ್ಲ. ಆದರೆ ಓರೆಯಾಗಿ ನಿಂತ ಕಾಲು ಕೆಳಕ್ಕೆ ಮಾತ್ರ ಒತ್ತುವುದಿಲ್ಲ, ಹೊರಕ್ಕೂ ಜಾರಲು ನೋಡುತ್ತದೆ. ಒಂದೊಂದು ಕಾಲಿಗೂ 16ರಿಂದ 18 ಕಿಲೋದಷ್ಟು ಹೊರನೂಕು. ಮಣ್ಣಿನಲ್ಲಾದರೆ ಗೇಣುದ್ದ ಗುಂಡಿ ತೋಡಿ ಇಳಿಸಿ. ಸಿಮೆಂಟು ನೆಲವಾದರೆ ಗುಂಡಿ ಇಲ್ಲ. ಆಗ ಮೂರೂ ಪಾದಗಳನ್ನು ಸುತ್ತಲೂ ಒಂದು ಹಗ್ಗದಿಂದ ಒಂದಕ್ಕೊಂದು ಕಟ್ಟಲೇಬೇಕು. ನಿಜ ಹೇಳಬೇಕೆಂದರೆ ಮಣ್ಣಿನಲ್ಲೂ ಕಟ್ಟಿ. ಐದು ನಿಮಿಷದ ಕೆಲಸ.

ಕಪಿಲೆಯ ಅಡ್ಡ ಎಳೆತ ನೆನಪಿದೆಯಲ್ಲ? ಅದು ಈಗ ಬಂತು. ಕಲ್ಲಿನ ಹತ್ತಿರ ನಿಲ್ಲಲು ಹೆದರಿಕೆ. ಹತ್ತಡಿ ದೂರ ಹೋಗಿ ನಿಂತು ಎಳೆಯುತ್ತೇವೆ. ಆಗ ಎಳೆತ ಕೆಳಮುಖವಾಗಿ ಇರುವುದಿಲ್ಲ, ನಮ್ಮ ಕಡೆಗೆ ಇರುತ್ತದೆ. ಇಡೀ ಮುಕ್ಕಾಲಿ ನಮ್ಮ ಕಡೆಗೆ ವಾಲುತ್ತದೆ, ಕಲ್ಲಿನ ಸಮೇತ. ನಿಯಮ ಸರಳ. ಮೇಲಿನಿಂದ ಇಳಿಯುವ ಹಗ್ಗ ಮೂರು ಕಾಲುಗಳ ಒಳಗೇ ನೆಲ ಮುಟ್ಟಬೇಕು. ದೂರದಿಂದಲೇ ಎಳೆಯಬೇಕೆಂದರೆ ಕಾಲುಗಳ ಒಳಗಡೆ, ನೆಲದ ಮಟ್ಟದಲ್ಲಿ, ಆಳಕ್ಕೆ ಹೊಡೆದ ಗೂಟಕ್ಕೆ ಇನ್ನೊಂದು ರಾಟೆ ಕಟ್ಟಿ. ಹಗ್ಗ ನೇರ ಇಳಿದು, ಆ ರಾಟೆಯಲ್ಲಿ ತಿರುಗಿ, ನೆಲದ ಗುಂಟ ನಿಮ್ಮ ಕಡೆ ಬರಲಿ. ನೀವು ದೂರ ನಿಂತಂತೆಯೂ ಆಯಿತು, ಮುಕ್ಕಾಲಿಗೆ ನೇರ ಎಳೆತವೂ ಆಯಿತು.

ಮುಕ್ಕಾಲಿ ನಿಂತಿತು, ಕಾಲು ಕಟ್ಟಿದ್ದಾಯಿತು, ಎಳೆತ ಒಳಗೇ ಇದೆ. ಇನ್ನು ಹಗ್ಗದ ಮಾತು.

ಅಂಗಡಿಯಲ್ಲಿ ಸಿಗುವ 12 ಮಿಲಿಮೀಟರ್ ದಪ್ಪದ ಹೊಸ ಪಾಲಿಪ್ರೊಪಿಲಿನ್ ಹಗ್ಗ, ನಾವು ನೈಲಾನ್ ಹಗ್ಗ ಎಂದೇ ಕರೆಯುವಂಥದ್ದು, ಕಿತ್ತುಹೋಗಲು 2 ಟನ್ನಿನ ಹತ್ತಿರ ಎಳೆತ ಬೇಕು. ಎರಡು ಟನ್ನು ಎಂದು ಹಿಗ್ಗಬೇಡಿ. ಗಂಟು ಹಾಕಿದ ಜಾಗದಲ್ಲಿ ಅದರ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಬಲ ಹೋಗುತ್ತದೆ. ಬಿಸಿಲಿನಲ್ಲಿ ವರ್ಷ ಕಳೆದ ಹಗ್ಗ ಕೈಯಲ್ಲಿ ಉಜ್ಜಿದರೆ ಪುಡಿ ಉದುರಿಸುತ್ತದೆ. ಅದರ ಬಲ ಎಷ್ಟು ಉಳಿದಿದೆಯೋ ಯಾರೂ ಹೇಳಲಾರರು. ಆದ್ದರಿಂದ ಹತ್ತರಲ್ಲಿ ಒಂದು ಪಾಲು, 200 ಕಿಲೋ ಮಾತ್ರ ನಂಬಬೇಕು.

ಈಗ ಯಾವ ಹಗ್ಗದ ಮೇಲೆ ಎಷ್ಟು ಭಾರ? ರಾಟೆಯಲ್ಲಿ ಓಡುವ ಹಗ್ಗದ ಯಾವ ಎಳೆಯ ಮೇಲೂ 35 ಕಿಲೋಗಿಂತ ಹೆಚ್ಚಿಲ್ಲ. ಕಲ್ಲನ್ನು ಸುತ್ತಿದ ಹಗ್ಗದ ಮೇಲೆ ಪೂರ್ತಿ 100. ಮುಕ್ಕಾಲಿಯ ತುದಿಯಲ್ಲಿ ರಾಟೆಯನ್ನು ಹಿಡಿದ ಹಗ್ಗದ ಮೇಲೆ 135. ಆದರೆ ನಾವು ಮಾಡುವುದೇನು? ಹೊಸದಾಗಿ ಕೊಂಡ ಹಗ್ಗವನ್ನು ರಾಟೆಗೆ ಪೋಣಿಸುತ್ತೇವೆ. ಮೇಲಿನ ಕಟ್ಟಿಗೆ ಕೊಟ್ಟಿಗೆಯಲ್ಲಿ ನೇತಾಡುತ್ತಿದ್ದ ಹಳೆಯ ತುಂಡು. ಇದು ತಲೆಕೆಳಗು. ಇರುವುದರಲ್ಲಿ ಒಳ್ಳೆಯ ಹಗ್ಗ ಮೇಲಕ್ಕೆ, ನಂತರದ್ದು ಕಲ್ಲಿಗೆ, ರಾಟೆಗೆ ಉಳಿದದ್ದು. ಮೇಲಿನ ಕಟ್ಟಿಗೆ ಒಂದಲ್ಲ, ನಾಲ್ಕು ಸುತ್ತು ಹಾಕಿ.

ಕಲ್ಲಿಗೆ ಎರಡು ಕಡೆ ಹಗ್ಗ ಹಾಕಿ ಮೇಲೆ ಒಂದೇ ಕೊಕ್ಕೆಗೆ ಸೇರಿಸುವಾಗಲೂ ಒಂದು ಗುಟ್ಟಿದೆ. ಎರಡು ಹಗ್ಗಗಳೂ ಹೆಚ್ಚು ಕಡಿಮೆ ನೇರವಾಗಿದ್ದರೆ ಒಂದೊಂದಕ್ಕೆ 50 ಕಿಲೋ. ಹಗ್ಗ ಗಿಡ್ಡವಾಗಿ ಅವು ಚಪ್ಪಟೆಯಾಗಿ ಅಗಲಿಕೊಂಡರೆ, ಒಂದೊಂದಕ್ಕೂ ಪೂರ್ತಿ 100 ಕಿಲೋ ಬೀಳಬಹುದು. ಹಗ್ಗ ಉಳಿಸಲು ಹೋಗಬೇಡಿ. ಕಲ್ಲಿನ ಚೂಪು ಅಂಚಿಗೆ ಗೋಣಿತಟ್ಟು ಮಡಿಸಿ ಇಡಿ. ಕುಣಿಕೆಗೆ ಸ್ಕೌಟ್‌ ಹುಡುಗರು ಕಲಿಯುವ ಬೋಲೈನ್ ಗಂಟು ಒಳ್ಳೆಯದು. ಎಳೆದಷ್ಟೂ ಕುಣಿಕೆ ಕಿರಿದಾಗುವುದಿಲ್ಲ, ಕೆಲಸ ಮುಗಿದ ಮೇಲೆ ಬಿಚ್ಚಲೂ ಬರುತ್ತದೆ.

ರಾಟೆ ಕೊಳ್ಳುವಾಗ ಗಾಲಿಯ ವ್ಯಾಸ ನೋಡಿ. ಹಗ್ಗದ ದಪ್ಪದ ಎಂಟು ಪಟ್ಟಾದರೂ ಇರಬೇಕು. 12 ಮಿಲಿಮೀಟರ್ ಹಗ್ಗಕ್ಕೆ 4 ಅಂಗುಲದ ಗಾಲಿ. ಗಾಲಿಗೂ ಪಕ್ಕದ ತಗಡಿಗೂ ನಡುವಿನ ಸಂದಿನಲ್ಲಿ ಬೆರಳು ತೂರಿದರೆ ಹಗ್ಗವೂ ತೂರುತ್ತದೆ. ಅರ್ಧ ದಾರಿಯಲ್ಲಿ ಹಗ್ಗ ಅಲ್ಲಿ ಸಿಕ್ಕಿಕೊಂಡರೆ ಕಲ್ಲು ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಸೇದುವ ಬಾವಿಯ ರಾಟೆ ಇದಕ್ಕೆ ಬೇಡ. ಅದು ಒಂದು ಕೊಡ ನೀರಿನ ಅಂದಾಜಿಗೆ ಮಾಡಿದ್ದು, ಅದರ ಕೊಕ್ಕೆ ಬಾಯಿ ಬಿಡುತ್ತದೆ.

ಹಗ್ಗ ಸರಿ, ರಾಟೆ ಸರಿ, ಮುಕ್ಕಾಲಿ ಸರಿ. ಎತ್ತೋಣ.

ಮೊದಲು ಮೇಲೆ ನೋಡಿ. ಕಂಬಗಳು ಕಬ್ಬಿಣದ ಪೈಪಾದರೆ ವಿದ್ಯುತ್ ತಂತಿಯ ಸಮೀಪಕ್ಕೂ ಹೋಗಬೇಡಿ. ಎಳೆಯಲು ಇಬ್ಬರು, ಮಾತು ಕೊಡಲು ಒಬ್ಬ. ಮಾತು ಒಬ್ಬನದೇ ಇರಲಿ. ಕಲ್ಲು ಒಂದು ಗೇಣು ಎದ್ದೊಡನೆ ನಿಲ್ಲಿಸಿ. ಒಂದು ನಿಮಿಷ ಹಾಗೇ ಇರಲಿ. ಕಟ್ಟು ಕಿರುಗುಟ್ಟಿತೇ, ಪಾದ ಸರಿಯಿತೇ, ಗಂಟು ಜಾರಿತೇ ನೋಡಿ. ತೊಂದರೆ ಇದ್ದರೆ ಅದು ಗೇಣೆತ್ತರದಲ್ಲೇ ಕಾಣಿಸಿಕೊಳ್ಳಲಿ. ನಂತರ ಮುಂದುವರಿಸಿ. ಕಲ್ಲಿನ ಕೆಳಗೆ ಕೈಯನ್ನೂ ಇಡಬೇಡಿ. ತಿರುಗದಂತೆ ಹಿಡಿಯಲು ಕಲ್ಲಿನ ತುದಿಗೆ ಒಂದು ತೆಳು ಹಗ್ಗ ಕಟ್ಟಿ ಪಕ್ಕದಿಂದ ಹಿಡಿದುಕೊಳ್ಳಿ. ಎಳೆಯುವ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಮನುಷ್ಯರನ್ನು ಬಾವಿಗೆ ಇಳಿಸಲೋ ಮಾಡಿಗೆ ಏರಿಸಲೋ ಈ ಸಾಧನ ಅಲ್ಲವೇ ಅಲ್ಲ.

ಎತ್ತುವುದಕ್ಕಿಂತ ನಿಲ್ಲಿಸುವುದು, ಇಳಿಸುವುದು ಕಷ್ಟ. ಈ ರಾಟೆಗೆ ಚೈನ್ ಪುಲ್ಲಿಯಂತೆ ತಾನಾಗಿ ತಡೆಯುವ ಹಲ್ಲಿಲ್ಲ. ಕೈ ಬಿಟ್ಟರೆ ಕಲ್ಲು ಬಿತ್ತು. ಅದಕ್ಕೆ ಘರ್ಷಣೆಯನ್ನೇ ಕೆಲಸಕ್ಕೆ ಹಚ್ಚಬೇಕು. ಹತ್ತಿರದ ಗಟ್ಟಿ ಮರಕ್ಕೋ, ಹೂತ ಕಂಬಕ್ಕೋ ಹಗ್ಗದ ತುದಿಯನ್ನು ಮೂರು ಸುತ್ತು ಹಾಕಿ. ಆಚೆ ಕಡೆ 35 ಕಿಲೋ ಎಳೆತ ಇದ್ದರೂ ಈಚೆ ಕಡೆ ಒಂದೆರಡು ಕಿಲೋ ಹಿಡಿತ ಸಾಕು. ಒಬ್ಬ ಎಳೆಯುತ್ತಾ ಹೋದಂತೆ ಇನ್ನೊಬ್ಬ ಕಂಬದ ಹಿಂದೆ ಸಡಿಲವನ್ನು ಸುತ್ತಿಕೊಳ್ಳುತ್ತಾ ಬರಲಿ. ಕಲ್ಲನ್ನು ಗೋಡೆಯ ಮೇಲೆ ಕೂರಿಸುವಾಗ ಹಿಡಿತವನ್ನು ಒಂದಿಷ್ಟು ಸಡಿಲಿಸಿದರೆ ಅಂಗುಲ ಅಂಗುಲವಾಗಿ ಇಳಿಯುತ್ತದೆ. ಈಗ ಭಾರ ಆ ಕಂಬದ ಮೇಲೂ ಇದೆ. ಅಲ್ಲಾಡುವ ಕಂಬಕ್ಕೆ ಸುತ್ತಬೇಡಿ.

ಕಲ್ಲು ಕೂತಿತು. ಹಗ್ಗ ಬಿಚ್ಚಿ, ಮಣ್ಣು ಹತ್ತಿದ್ದರೆ ತೊಳೆದು, ನೆರಳಿನಲ್ಲಿ ಒಣಗಿಸಿ, ಸುರುಳಿ ಸುತ್ತಿ ತೂಗುಹಾಕಿ. ಎಲ್ಲಿಯಾದರೂ ಎಳೆ ಕಿತ್ತಿದ್ದರೆ, ಪುಡಿ ಉದುರುತ್ತಿದ್ದರೆ ಆ ಹಗ್ಗವನ್ನು ಆಗಲೇ ನಾಲ್ಕೈದು ತುಂಡು ಮಾಡಿಬಿಡಿ. ಬಟ್ಟೆ ಒಣಗಿಸಲು, ಸೌದೆಯ ಹೊರೆ ಕಟ್ಟಲು ಆದೀತು. ಉದ್ದವಾಗಿ ಉಳಿಸಿದರೆ ಮುಂದಿನ ವರ್ಷ ಮನೆಯಲ್ಲಿ ಯಾರಾದರೂ ಅದನ್ನೇ ಹುಡುಕಿ ತಂದು ಮುಕ್ಕಾಲಿಯ ತುದಿಗೆ ಕಟ್ಟುತ್ತಾರೆ.